ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯ: ರೈತನ ಹಕ್ಕು ಮತ್ತು ಹೊಣೆ

(ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಬೀಜ, ಗೊಬ್ಬರ, ನೀರು, ಔಷಧಿ ಇವುಗಳ ಬಗ್ಗೆ ರೈತರ ಸಭೆಗಳಲ್ಲಿ ಮೇಲಿಂದ ಮೇಲೆ ಚರ್ಚೆ ನಡೆಯುತ್ತದೆ. ಆದರೆ ವಿಜಯಪುರದ ಸುತ್ತಲಿನ ಎರೆ ಭೂಮಿಯಲ್ಲಿ ಬಿತ್ತದೆಯೂ ಸಿಗುವ ಒಂದು ಬೆಳೆ ಇದೆ. ಅದೆಂದರೆ ಹಳೆಯ ನಾಣ್ಯ, ಮುರಿದ ಮೂರ್ತಿ, ಅಕ್ಷರ ಕೆತ್ತಿದ ಕಲ್ಲು ಮತ್ತು ತಾಮ್ರದ ತಗಡು. ಇವು ಕೈಗೆ ಸಿಕ್ಕಾಗ ಏನು ಮಾಡಬೇಕು, ಅದರಲ್ಲಿ ರೈತನ ಪಾಲು ಎಷ್ಟು, ಕಾನೂನು ಏನು ಹೇಳುತ್ತದೆ ಎಂಬುದು ಬಹುಮಂದಿಗೆ ತಿಳಿದಿಲ್ಲ. ತಿಳಿಯದ ಕಾರಣದಿಂದ ನ್ಯಾಯವಾಗಿ ಬರಬೇಕಾದ ಪಾಲನ್ನು ಕಳೆದುಕೊಂಡವರೂ, ಕೋರ್ಟು ಕಚೇರಿ ಅಲೆದವರೂ ಉಂಟು. ಆದುದರಿಂದ ಈ ವಿಷಯವನ್ನು ಸರಳವಾಗಿ ತಿಳಿಯುವುದು ಅಗತ್ಯ.

ಈ ಭಾಗದಲ್ಲಿಯೇ ಏಕೆ ಸಿಗುತ್ತವೆ?

ವಿಜಯಪುರವು ಸುಮಾರು 200 ವರ್ಷ ಆದಿಲಶಾಹಿ ಅರಸರ ರಾಜಧಾನಿಯಾಗಿತ್ತು. ಅದಕ್ಕೂ ಮೊದಲು ಕಲ್ಯಾಣದ ಚಾಲುಕ್ಯರು ಮತ್ತು ದೇವಗಿರಿಯ ಸೇವುಣರು ಈ ನೆಲವನ್ನು ಆಳಿದ್ದರು. ಪಟ್ಟಣದ ಪಶ್ಚಿಮಕ್ಕೆ ತೊರವಿಯ ಬಳಿ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣವನ್ನು ಕಟ್ಟಿಸತೊಡಗಿದನು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯವು ಅದನ್ನು ಹಾಳುಗೆಡವಿತು. ಅಂದು ಪೇಟೆ, ಮನೆ, ತೋಟಗಳಿದ್ದ ಆ ಕಡೆಯ ನೆಲದಲ್ಲಿ ಇಂದು ಕೃಷಿ ನಡೆದಿದೆ. ಬಬಲೇಶ್ವರ ಭಾಗದ ಮಮದಾಪುರದಲ್ಲಿ ಮಹಮ್ಮದ ಆದಿಲಶಾಹನ ಕಾಲದಲ್ಲಿ, 1633ರಲ್ಲಿ, ದೊಡ್ಡ ಕೆರೆಯನ್ನು ಕಟ್ಟಲಾಯಿತು. ಕೆರೆ ಇದ್ದಲ್ಲಿ ಜನವಸತಿ, ಜನವಸತಿ ಇದ್ದಲ್ಲಿ ಹಣದ ಚಲಾವಣೆ.

ಆ ಕಾಲದಲ್ಲಿ ಬ್ಯಾಂಕು ಇರಲಿಲ್ಲ. ಹಣವನ್ನು ಗಡಿಗೆಯಲ್ಲಿಟ್ಟು ನೆಲದಲ್ಲಿ ಹೂಳುವುದೇ ಭದ್ರವಾದ ಉಪಾಯವಾಗಿತ್ತು. ಸೈನ್ಯ ಬಂತೆಂದರೆ ಜನ ಹೂಳಿಟ್ಟು ಊರು ಬಿಡುತ್ತಿದ್ದರು. 1685ರಲ್ಲಿ ಔರಂಗಜೇಬನ ಸೈನ್ಯವು ವಿಜಯಪುರಕ್ಕೆ ಮುತ್ತಿಗೆ ಹಾಕಿತು. 1686ರ ಸೆಪ್ಟೆಂಬರಿನಲ್ಲಿ ಪಟ್ಟಣವು ಅವನ ವಶವಾಯಿತು. ಇಂತಹ ಗದ್ದಲಗಳಲ್ಲಿ ಹೂಳಿಟ್ಟವನು ಮರಳಿ ಬರದಿದ್ದರೆ ಗಡಿಗೆ ನೆಲದಲ್ಲಿಯೇ ಉಳಿಯುತ್ತಿತ್ತು.

ಹಿಂದೆ ರಂಟೆ ಹೊಡೆದರೆ ನೆಲ ಒಂದು ಗೇಣು ಅಲುಗುತ್ತಿತ್ತು. ಈಗ ದ್ರಾಕ್ಷಿ ಪಡಕ್ಕೆ ತೆಗೆಯುವ ಸಾಲು, ಕೃಷಿ ಹೊಂಡ, ನೀರಿನ ಪೈಪು, ಏತ ನೀರಾವರಿಯ ಕಾಲುವೆ ಇವೆಲ್ಲವುಗಳಿಗಾಗಿ ಜೆಸಿಬಿ ಯಂತ್ರವು ಆಳೆತ್ತರ ನೆಲವನ್ನು ತೋಡುತ್ತದೆ. ತಿಕೋಟಾ, ಬಬಲೇಶ್ವರಗಳಲ್ಲಿ ನೀರಾವರಿ ಹೆಚ್ಚಿದಂತೆ ಅಗೆತವೂ ಹೆಚ್ಚಿದೆ. ಆದುದರಿಂದ ಇಂತಹ ವಸ್ತುಗಳು ಕಣ್ಣಿಗೆ ಬೀಳುವ ಸಂಭವವೂ ಹೆಚ್ಚು.

ಸಿಗುವ ವಸ್ತುಗಳ ಗುರುತು

ಎಲ್ಲ ನಾಣ್ಯವೂ ದುಂಡಗೆ, ಹೊಳೆಯುತ್ತ ಇರುತ್ತದೆಂದು ತಿಳಿಯಬಾರದು. ಆದಿಲಶಾಹಿ ಕಾಲದ ತಾಮ್ರದ ನಾಣ್ಯಗಳು ದಪ್ಪನಾಗಿ, ಹಸಿರು ಅಥವಾ ಕಪ್ಪು ಕಿಲುಬು ಹಿಡಿದು, ಹರಳಿನಂತೆ ಕಾಣುತ್ತವೆ. ಚಿನ್ನದ ಹೊನ್ನು ಹುಣಸೆ ಬೀಜಕ್ಕಿಂತ ದೊಡ್ಡದಿರುವುದಿಲ್ಲ. ಎರಡನೆಯ ಅಲಿ ಆದಿಲಶಾಹನ ಕಾಲದಲ್ಲಿ (1656–1672) ಕೊಂಕಣದ ಬಂದರುಗಳ ವ್ಯಾಪಾರಕ್ಕಾಗಿ ಲಾರಿ ಎಂಬ ಬೆಳ್ಳಿಯ ನಾಣ್ಯ ನಡೆಯುತ್ತಿತ್ತು. ಅದು ಮಡಚಿದ ತಂತಿಯಂತೆ, ಹೆಣ್ಣುಮಕ್ಕಳ ತಲೆಪಿನ್ನಿನ ಹಾಗೆ ಇರುತ್ತದೆ. ಮೇಲೆ ಫಾರಸಿ ಅಕ್ಷರದ ಮುದ್ರೆ ಇರುತ್ತದೆ. ತಿಳಿಯದವರು ಅದನ್ನು ಗುಜರಿಗೆ ಹಾಕುವ ಸಂಭವವಿದೆ.

ಹೊಲದ ಒಡ್ಡಿನಲ್ಲಿ ನಿಂತ ವೀರಗಲ್ಲು, ಬಾವಿಯ ಮೆಟ್ಟಿಲಿಗೆ ಹಾಕಿದ ಶಾಸನದ ಕಲ್ಲು, ಅಕ್ಷರ ಕೊರೆದ ತಾಮ್ರದ ತಗಡು ಇವೂ ಪ್ರಾಚೀನ ವಸ್ತುಗಳೇ. ಇವುಗಳಲ್ಲಿ ಬಂಗಾರವಿಲ್ಲದಿದ್ದರೂ ಊರಿನ ಹೆಸರು, ಭೂಮಿಯ ದಾನ, ಕೆರೆಯ ಕಟ್ಟಳೆ ಮುಂತಾದ ಸಂಗತಿಗಳು ಇರುತ್ತವೆ.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಮುಖ್ಯವಾಗಿ ಎರಡು ಕಾನೂನುಗಳನ್ನು ರೈತರು ತಿಳಿದಿರಬೇಕು.

ಮೊದಲನೆಯದು ನಿಧಿಗೆ ಸಂಬಂಧಿಸಿದ ಕಾಯಿದೆ. ಬ್ರಿಟಿಷರ ಕಾಲದಲ್ಲಿ, ಈ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗ, 1878ರ ಭಾರತೀಯ ನಿಧಿ ಕಾಯಿದೆ ಇಲ್ಲಿ ನಡೆಯುತ್ತಿತ್ತು. ಆ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ ಬೆಲೆಬಾಳುವ ಯಾವ ವಸ್ತುವಾದರೂ ನಿಧಿಯೇ. ಅದರ ಬೆಲೆ 10 ರೂಪಾಯಿಗೆ ಮೀರಿದ್ದರೆ, ಸಿಕ್ಕಿದವನು ಎಂತಹ ವಸ್ತು, ಎಷ್ಟು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕಾಗಿತ್ತು. ಕಲೆಕ್ಟರರು ಪ್ರಕಟಣೆ ಹೊರಡಿಸಿ, ಹಕ್ಕು ಹೇಳುವವರು ಹಾಜರಾಗಲು ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ಒಂದು ದಿನವನ್ನು ಗೊತ್ತುಮಾಡುತ್ತಿದ್ದರು. ನಿಜವಾದ ಒಡೆಯನು ಯಾರೂ ಇಲ್ಲವೆಂದು ಸಿದ್ಧವಾದರೆ ಮತ್ತು ಬೇರೆ ಒಪ್ಪಂದವಿಲ್ಲದಿದ್ದರೆ, ಸಿಕ್ಕಿದವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಸರಕಾರವು ಆ ವಸ್ತುವನ್ನು ತಾನೇ ಇಟ್ಟುಕೊಳ್ಳಬೇಕೆಂದರೆ ಲೋಹದ ಬೆಲೆ ಮತ್ತು ಅದರ ಮೇಲೆ ಐದನೆಯ ಒಂದು ಭಾಗ ಹೆಚ್ಚು ಕೊಡಬೇಕಾಗಿತ್ತು.

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇತ್ತು. ಸಿಕ್ಕಿದ್ದನ್ನು ತಿಳಿಸದೆ ಮುಚ್ಚಿಟ್ಟವನ ಪಾಲು ಸರಕಾರಕ್ಕೆ ಸೇರುತ್ತಿತ್ತು. ಮೇಲಾಗಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೆ ಎರಡೂ ಆಗಬಹುದಿತ್ತು. ತಿಳಿಸಿದವನಿಗೆ ಪಾಲು ಸಿಗುತ್ತದೆ, ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಮಾನವೂ ಇಲ್ಲ. ನಿಧಿ ಕಾನೂನಿನ ತಿರುಳು ಇದೇ.

1956ರಲ್ಲಿ ಈ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1962ರಲ್ಲಿ ರಾಜ್ಯವು ತನ್ನದೇ ನಿಧಿ ಕಾಯಿದೆಯನ್ನು ಮಾಡಿತು. ಅದೇ ಈಗಿನ ಕರ್ನಾಟಕ ನಿಧಿ ಕಾಯಿದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಿ ಒಪ್ಪಿಸಬೇಕೆಂಬುದು ಇದರ ತಳಹದಿ. ಪಾಲು ಮತ್ತು ಪರಿಹಾರಗಳು ಈ ರಾಜ್ಯ ಕಾಯಿದೆಯಂತೆಯೇ ತೀರ್ಮಾನವಾಗುತ್ತವೆ. ಆದುದರಿಂದ ಹಳೆಯ ಕಾಯಿದೆಯ ಲೆಕ್ಕವನ್ನೇ ಹಿಡಿದು ಕೂಡ್ರದೆ, ಅರ್ಜಿ ಕೊಡುವಾಗಲೇ ಪಾಲಿನ ನಿಯಮವನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಎರಡನೆಯದು 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯಿದೆ. ಇದು 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ಇದರ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ಮೂರ್ತಿ, ಚಿತ್ರ, ಶಾಸನ ಮುಂತಾದವು ಪ್ರಾಚೀನ ವಸ್ತುಗಳು. ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷವಾದರೆ ಸಾಕು. ಇವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸಾಗಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ದೇಶದೊಳಗೆ ಇವುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು.

ಸಂಗ್ರಹಕಾರರ ಹಕ್ಕು

ಹಳೆಯ ನಾಣ್ಯ ಮನೆಯಲ್ಲಿದ್ದರೆ ಅಪರಾಧವೆ ಎಂದು ಅನೇಕರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಅಜ್ಜಿಯ ಕಾಲದಿಂದ ಬಂದ ಪುತಳಿ ಸರ, ದೇವರ ಜಗಲಿಯ ಮೇಲೆ ಪೂಜೆಗೊಳ್ಳುವ ಹಳೆಯ ರೂಪಾಯಿ, ಲೆಕ್ಕಪತ್ರ ಸಮೇತ ಕೊಂಡ ನಾಣ್ಯ ಇವು ನೆಲದಲ್ಲಿ ಸಿಕ್ಕ ನಿಧಿಯಲ್ಲ. ಇವು ಮನೆತನದ ಸ್ವತ್ತು. ನಾಣ್ಯಗಳನ್ನು ನೋಂದಾಯಿಸಬೇಕೆಂಬ ಕಡ್ಡಾಯವೂ 1972ರ ಕಾಯಿದೆಯಡಿ ಇಲ್ಲ. ಕಲ್ಲು, ಲೋಹ, ಸುಟ್ಟ ಮಣ್ಣು, ದಂತ, ಕಟ್ಟಿಗೆ ಇವುಗಳ ಹಳೆಯ ಮೂರ್ತಿಗಳು, ಹಳೆಯ ವರ್ಣಚಿತ್ರಗಳು ಮತ್ತು ಚಿತ್ರವಿರುವ ಹಸ್ತಪ್ರತಿಗಳನ್ನು ಮಾತ್ರ ನೋಂದಣಿ ಅಧಿಕಾರಿಯ ಬಳಿ ದಾಖಲು ಮಾಡಿಸಬೇಕು. ನೋಂದಣಿಯಿಂದ ವಸ್ತು ಸರಕಾರದ್ದಾಗುವುದಿಲ್ಲ. ಕಳವಾದರೆ ತನ್ನದೆಂದು ತೋರಿಸಲು ಅದೇ ಆಧಾರ.

ನಾಣ್ಯ ಸಂಗ್ರಹಕಾರರಿಗೂ ಸರಕಾರಗಳಿಗೂ ಈ ವಿಷಯದಲ್ಲಿ ಬಹುಕಾಲದಿಂದ ವಾದವಿದೆ. ನಾಣ್ಯಗಳು ಲಕ್ಷಗಟ್ಟಲೆ ಹುಟ್ಟಿ ಕೈಯಿಂದ ಕೈಗೆ ಹೋದ ಸಾಮಾನ್ಯ ವಸ್ತು, ಅವುಗಳನ್ನು ದೇವಾಲಯದ ಮೂರ್ತಿಯ ಸಮಕ್ಕೆ ಇಟ್ಟು ಕಟ್ಟು ಹಾಕಬಾರದೆಂದು ಸಂಗ್ರಹಕಾರರು ಹೇಳುತ್ತಾರೆ. ಎಷ್ಟೋ ನಾಣ್ಯಗಳನ್ನು ಮೊದಲು ಗುರುತಿಸಿ ಓದಿದವರು ಖಾಸಗಿ ಸಂಗ್ರಹಕಾರರೇ ಎಂಬುದೂ ನಿಜ. ನೆಲದಿಂದ ಕದ್ದು ತೆಗೆದ ನಾಣ್ಯಕ್ಕೆ ಪೇಟೆ ಇರುವವರೆಗೆ ಪ್ರಾಚೀನ ಸ್ಥಳಗಳ ಲೂಟಿ ನಿಲ್ಲುವುದಿಲ್ಲವೆಂದು ಪುರಾತತ್ವಜ್ಞರು ಹೇಳುತ್ತಾರೆ. ಈ ಮಾತಿನಲ್ಲಿಯೂ ಸತ್ಯವಿದೆ. ಕದ್ದ ಸಾಂಸ್ಕೃತಿಕ ವಸ್ತುಗಳನ್ನು ತಡೆಯಲು 1970ರಲ್ಲಿ ಯುನೆಸ್ಕೋ ಸಂಸ್ಥೆಯು ಒಂದು ಒಡಂಬಡಿಕೆ ಮಾಡಿತು. ಭಾರತವು 1977ರಲ್ಲಿ ಅದನ್ನು ಒಪ್ಪಿತು. 2024ರ ಜುಲೈನಲ್ಲಿ ಭಾರತ ಮತ್ತು ಅಮೆರಿಕ ದೇಶಗಳು ಇದೇ ಉದ್ದೇಶದ ಒಪ್ಪಂದಕ್ಕೆ ಸಹಿ ಹಾಕಿದವು.

ಇಂಗ್ಲೆಂಡಿನಲ್ಲಿ ಮಧ್ಯದ ಹಾದಿ ಹಿಡಿದಿದ್ದಾರೆ. ಅಲ್ಲಿ 1996ರ ನಿಧಿ ಕಾಯಿದೆಯಡಿ ಸಿಕ್ಕ ವಸ್ತುವನ್ನು ವಸ್ತುಸಂಗ್ರಹಾಲಯ ಕೊಂಡರೆ ಪೇಟೆಯ ಬೆಲೆ ಕಟ್ಟಿ, ಸಾಮಾನ್ಯವಾಗಿ ಸಿಕ್ಕಿದವನಿಗೂ ಹೊಲದ ಒಡೆಯನಿಗೂ ಹಂಚುತ್ತಾರೆ. ಕಾಯಿದೆಗೆ ಒಳಪಡದ ಬಿಡಿ ವಸ್ತುಗಳನ್ನೂ ಜನರು ತಾವಾಗಿ ತಂದು ತೋರಿಸಿ ದಾಖಲೆ ಮಾಡಿಸುತ್ತಾರೆ. ನ್ಯಾಯವಾದ ಬೆಲೆ ಸಿಗುವುದೆಂಬ ನಂಬಿಕೆ ಹುಟ್ಟಿದರೆ ಮುಚ್ಚಿಡುವ ಚಾಳಿ ಕಡಿಮೆಯಾಗುತ್ತದೆಂಬುದಕ್ಕೆ ಇದು ನಿದರ್ಶನ.

ಮುಚ್ಚಿಟ್ಟರೆ ಆಗುವ ನಷ್ಟ

1946ರಲ್ಲಿ ರಾಜಸ್ಥಾನದ ಭರತಪುರ ಸೀಮೆಯ ಬಯಾನಾ ಬಳಿಯ ಒಂದು ಹಳ್ಳಿಯಲ್ಲಿ ತಾಮ್ರದ ಪಾತ್ರೆಯೊಂದು ಸಿಕ್ಕಿತು. ಅದರಲ್ಲಿ ಗುಪ್ತ ಅರಸರ ಸುಮಾರು 2,100 ಚಿನ್ನದ ನಾಣ್ಯಗಳಿದ್ದವು. ಸುದ್ದಿ ಅರಸರಿಗೆ ಮುಟ್ಟುವುದರೊಳಗೆ 285 ನಾಣ್ಯಗಳು ಕರಗಿಹೋಗಿದ್ದವು. ಉಳಿದ 1,821 ನಾಣ್ಯಗಳಿಂದ ಗುಪ್ತರ ಇತಿಹಾಸದ ಎಷ್ಟೋ ಸಂಗತಿಗಳು ಬೆಳಕಿಗೆ ಬಂದವು. ಕರಗಿದವುಗಳಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು. ಕರಗಿಸಿದವರಿಗೆ ಸಿಕ್ಕಿದ್ದು ಬರೀ ಲೋಹದ ಬೆಲೆ.

1976ರಲ್ಲಿ ತಮಿಳುನಾಡಿನ ಪತ್ತೂರು ಎಂಬಲ್ಲಿ ಕೂಲಿಕಾರನೊಬ್ಬನು ನೆಲ ಅಗೆಯುವಾಗ ಕಂಚಿನ ನಟರಾಜ ಮತ್ತು ಇತರ ಮೂರ್ತಿಗಳು ಸಿಕ್ಕವು. ತಿಳಿಸಬೇಕಾದವರಿಗೆ ತಿಳಿಸದೆ ನಟರಾಜನನ್ನು ಮಾರಲಾಯಿತು. ಅದು ಕೈಯಿಂದ ಕೈಗೆ ದಾಟಿ ಲಂಡನ್ನಿಗೆ ಹೋಗಿ, 1982ರಲ್ಲಿ ಕೆನಡಾದ ಒಂದು ಕಂಪನಿಯ ಪಾಲಾಯಿತು. ಲಂಡನ್ನಿನ ಪೊಲೀಸರು ಅದನ್ನು ಹಿಡಿದರು. ಅಲ್ಲಿನ ಕೋರ್ಟಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1988ರಲ್ಲಿ ಭಾರತದ ಪರ ತೀರ್ಪಾಯಿತು. 1991ರಲ್ಲಿ ಮೇಲಿನ ಕೋರ್ಟು ಅದನ್ನು ಎತ್ತಿ ಹಿಡಿದ ಮೇಲೆ ಮೂರ್ತಿ ತಾಯ್ನಾಡಿಗೆ ಮರಳಿತು. ಆ ವ್ಯಾಜ್ಯದಲ್ಲಿ ಸಾಕ್ಷಿಯಾದವುಗಳಲ್ಲಿ ಮೂರ್ತಿಗೆ ಅಂಟಿದ್ದ ಮಣ್ಣು ಮತ್ತು ಗೆದ್ದಲಿನ ಗುರುತುಗಳೂ ಇದ್ದವು. ಅದೇ ಸ್ಥಳದಲ್ಲಿ ಸಿಕ್ಕ ಇತರ ಮೂರ್ತಿಗಳೊಡನೆ ಅವನ್ನು ಹೋಲಿಸಿ ನೋಡಲಾಯಿತು. ಹೊಲದ ಮಣ್ಣೂ ಕೋರ್ಟಿನಲ್ಲಿ ಸಾಕ್ಷಿ ಹೇಳಬಲ್ಲದೆಂಬುದನ್ನು ಇದರಿಂದ ತಿಳಿಯಬಹುದು.

ವಿಜಯಪುರದ ಎರಡು ಸಂಗತಿಗಳು

ದೂರದ ಮಾತು ಬೇಡವೆಂದರೆ ವಿಜಯಪುರದಲ್ಲಿಯೇ ಉದಾಹರಣೆಗಳಿವೆ. ಆಸಾರ ಮಹಲಿನಲ್ಲಿ ಆದಿಲಶಾಹಿ ಅರಸರ ಗ್ರಂಥಭಂಡಾರವಿತ್ತು. ಅಲ್ಲಿ ಉಳಿದಿದ್ದ ಅರಬ್ಬಿ, ಫಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಅವುಗಳನ್ನು ನೋಡಬೇಕಾದ ವಿದ್ವಾಂಸರು ಇಂದಿಗೂ ಅಲ್ಲಿಗೇ ಹೋಗಬೇಕು.

ಮರುವರ್ಷ, 1854ರಲ್ಲಿ, ಕೆಲಸಕ್ಕೆ ಬಾರದ ಸರಕಾರಿ ಸಾಮಾನುಗಳನ್ನು ಹರಾಜು ಹಾಕಬೇಕೆಂದು ಆಜ್ಞೆ ಬಂದಿತು. ಆ ಪಟ್ಟಿಯಲ್ಲಿ ಮಲಿಕ್-ಎ-ಮೈದಾನ್ ತೋಪೂ ಸೇರಿತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ಭಾರಿ ತೋಪಿಗೆ ಹರಾಜಿನಲ್ಲಿ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಆಗಿನ ಮಾಮಲೇದಾರರು ಈ ಬೆಲೆ ತೀರ ಕಡಿಮೆಯೆಂದೂ, ಜನರಿಗೆ ಈ ತೋಪಿನ ಮೇಲೆ ಭಕ್ತಿ ಇದೆಯೆಂದೂ ಮೇಲಿನವರಿಗೆ ಬರೆದರು. ಹರಾಜು ರದ್ದಾಯಿತು. ಒಬ್ಬ ತಾಲ್ಲೂಕು ಅಧಿಕಾರಿ ಬರೆದ ಒಂದು ಕಾಗದದಿಂದ ತೋಪು ಊರಿನಲ್ಲಿಯೇ ಉಳಿಯಿತು. ಹಳೆಯ ವಸ್ತು ಉಳಿಯುವುದೂ ಹೋಗುವುದೂ ಹೆಚ್ಚಾಗಿ ಸ್ಥಳದಲ್ಲಿದ್ದವರು ಮೊದಲ ದಿನ ಏನು ಮಾಡುತ್ತಾರೆಂಬುದರ ಮೇಲೆ ನಿಂತಿದೆ.

ರೈತರ ಅಂಜಿಕೆ

"ಸಾಹೇಬರಿಗೆ ಹೇಳಿದರ ಬಂಗಾರಾನೂ ಹೋಗ್ತೈತಿ, ಹೊಲಾನೂ ಹೋಗ್ತೈತಿ" ಎಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಈ ಅಂಜಿಕೆಯೇ ಕಳ್ಳ ವ್ಯಾಪಾರಿಗಳ ಬಂಡವಾಳ. ನಿಧಿ ಕಾಯಿದೆಯು ಸಿಕ್ಕ ವಸ್ತುವಿಗೆ ಸಂಬಂಧಿಸಿದ್ದೇ ಹೊರತು ಹೊಲಕ್ಕೆ ಸಂಬಂಧಿಸಿದ್ದಲ್ಲ. ಒಂದು ಗಡಿಗೆ ಸಿಕ್ಕಿತೆಂದು ಯಾರ ಉತಾರದಲ್ಲಿಯೂ ಹೆಸರು ಬದಲಾಗುವುದಿಲ್ಲ. ಭೂಮಿ ಬೇಕಾದರೆ ಸರಕಾರವು ಬೇರೆ ಕಾನೂನಿನಂತೆ ನೋಟೀಸು ಕೊಟ್ಟು, ಪರಿಹಾರ ಕೊಟ್ಟೇ ತೆಗೆದುಕೊಳ್ಳಬೇಕು. ಆದರೆ ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಲು ನಿಷೇಧವಿದೆ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಇದು ಸ್ಮಾರಕದ ಸುತ್ತಲಿನ ಕಟ್ಟುಪಾಡು. ಹೊಲದಲ್ಲಿ ನಾಣ್ಯ ಸಿಕ್ಕಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ತಕರಾರು ಪಾಲಿನದು. ಹೊಲ ಒಬ್ಬನದು, ಲಾವಣಿ ಮಾಡಿದವನು ಇನ್ನೊಬ್ಬ, ಯಂತ್ರ ನಡೆಸಿದವನು ಮತ್ತೊಬ್ಬ, ಗಡಿಗೆಯನ್ನು ಮೊದಲು ಕಂಡವಳು ಕೂಲಿಯ ಹೆಣ್ಣುಮಗಳು. ಯಾರು "ಸಿಕ್ಕಿದವರು"? ಹಳೆಯ ಕಾಯಿದೆಯು ಸಿಕ್ಕಿದವನನ್ನೂ ನೆಲದ ಒಡೆಯನನ್ನೂ ಬೇರೆ ಬೇರೆಯಾಗಿಯೇ ಎಣಿಸಿತ್ತು. ಆದುದರಿಂದ ಮೊದಲು ಕಂಡವರ ಹೆಸರನ್ನು ಮುಚ್ಚಬಾರದು. ಅರ್ಜಿಯಲ್ಲಿ ಎಲ್ಲರ ಹೆಸರನ್ನೂ ಇದ್ದದ್ದು ಇದ್ದಂತೆ ಬರೆಸಿದರೆ ಮುಂದೆ ಅಣ್ಣತಮ್ಮಂದಿರಲ್ಲಿಯೂ ಮಾಲೀಕ-ಕೂಲಿಗಳಲ್ಲಿಯೂ ಜಗಳ ಹುಟ್ಟುವುದಿಲ್ಲ.

ವಸ್ತು ಸಿಕ್ಕಾಗ ಅನುಸರಿಸಬೇಕಾದ ಕ್ರಮಗಳು

1. ಅಗೆತವನ್ನು ಕೂಡಲೆ ನಿಲ್ಲಿಸಬೇಕು. ಯಂತ್ರದ ಬಾಯಿ ಇನ್ನೊಮ್ಮೆ ತಾಗಿದರೆ ಗಡಿಗೆ ಚೂರಾಗುತ್ತದೆ.

2. ಸ್ಥಳವನ್ನು ಗುರುತು ಮಾಡಬೇಕು. ಸರ್ವೆ ನಂಬರು, ಒಡ್ಡಿನಿಂದ ಎಷ್ಟು ದೂರ, ಎಷ್ಟು ಆಳ ಎಂಬುದನ್ನು ಬರೆದಿಟ್ಟು, ಅಲ್ಲಿಯೇ ಮೊಬೈಲಿನಿಂದ ಫೋಟೊ ತೆಗೆಯಬೇಕು.

3. ನಾಣ್ಯಗಳನ್ನು ಹುಣಸೆಹಣ್ಣು, ಲಿಂಬೆ, ಬೂದಿ ಹಚ್ಚಿ ತಿಕ್ಕಬಾರದು. ಒಂದಕ್ಕೊಂದು ಅಂಟಿದ್ದರೆ ಬಿಡಿಸಬಾರದು. ಕಿಲುಬಿನ ಕೆಳಗೆಯೇ ಅಕ್ಷರ ಉಳಿದಿರುತ್ತದೆ, ತಿಕ್ಕಿದರೆ ಅಕ್ಷರವೂ ಹೋಗುತ್ತದೆ.

4. ಗಡಿಗೆಯ ಚೂರು, ಒಳಗಿನ ಮಣ್ಣು, ಬಟ್ಟೆಯ ತುಂಡು ಏನಿದ್ದರೂ ಎಸೆಯಬಾರದು. ಎಲ್ಲವನ್ನೂ ಒಟ್ಟಿಗೆ ಇಡಬೇಕು.

5. ಒಂದು ನಾಣ್ಯವನ್ನೂ ನೆನಪಿಗೆಂದು ತೆಗೆದಿಡಬಾರದು, ಹಂಚಬಾರದು. ಗಡಿಗೆಯಲ್ಲಿನ ಎಲ್ಲಕ್ಕಿಂತ ಈಚಿನ ನಾಣ್ಯವೇ ಅದನ್ನು ಹೂಳಿದ ಕಾಲವನ್ನು ಹೇಳುತ್ತದೆ. ನೂರು ಆದಿಲಶಾಹಿ ಹೊನ್ನಿನ ನಡುವೆ ವಿಜಯಪುರದ ಟಂಕಸಾಲೆಯಲ್ಲಿ ಹೊಡೆದ ಔರಂಗಜೇಬನ ಒಂದೇ ಒಂದು ರೂಪಾಯಿ ಇದ್ದರೆ, ಗಡಿಗೆಯನ್ನು ಹೂಳಿದ್ದು 1686ರ ನಂತರ ಎಂದು ಗೊತ್ತಾಗುತ್ತದೆ. ಆ ಒಂದು ನಾಣ್ಯ ಹೋದರೆ ಲೆಕ್ಕವೇ ತಪ್ಪುತ್ತದೆ.

6. ಅದೇ ದಿನ ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರರಿಗೆ ತಿಳಿಸಿ, ಜಿಲ್ಲಾಧಿಕಾರಿಗಳ ಹೆಸರಿಗೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮುದ್ರೆ, ಸಹಿ, ತಾರೀಖು ಹಾಕಿಸಿಕೊಳ್ಳಬೇಕು.

7. ವಸ್ತು ಒಪ್ಪಿಸುವಾಗ ಪಂಚರ ಎದುರಿನಲ್ಲಿ ಎಣಿಸಿ, ತೂಗಿ, ಪಂಚನಾಮೆ ಮಾಡಿಸಬೇಕು. "ಹಳೆಯ ನಾಣ್ಯಗಳು" ಎಂದಷ್ಟೇ ಬರೆದರೆ ಸಾಲದು. ಎಷ್ಟು, ಯಾವ ಲೋಹ, ಎಷ್ಟು ಗ್ರಾಂ ಎಂಬುದು ಇರಬೇಕು. ಅದರ ಪ್ರತಿಯನ್ನು ಹೊಲದ ಕಾಗದಪತ್ರಗಳ ಜೊತೆಗೆ ಜೋಪಾನವಾಗಿ ಇಡಬೇಕು.

8. ಪ್ರಕಟಣೆ ಹೊರಟ ಮೇಲೆ ಗೊತ್ತಾದ ದಿನ ತಪ್ಪದೆ ಹಾಜರಾಗಿ ಹಕ್ಕು ಹೇಳಬೇಕು. ಕೇಳದವನ ಪಾಲು ಕಡತದಲ್ಲಿಯೇ ಉಳಿಯುತ್ತದೆ.

ಮೋಸಗಾರರ ಬಗ್ಗೆ ಎಚ್ಚರಿಕೆ

ಮನೆ ಅಗೆಯುವಾಗ ಬಂಗಾರದ ನಾಣ್ಯ ಸಿಕ್ಕಿದೆ, ಗುಟ್ಟಾಗಿ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ಫೋನು ಮಾಡುವವರಿದ್ದಾರೆ. ಮೊದಲು ಒಂದೆರಡು ನಿಜವಾದ ಬಂಗಾರದ ಬಿಲ್ಲೆ ಕೊಟ್ಟು ಪತ್ತಾರನಲ್ಲಿ ಒರೆಗೆ ಹಚ್ಚಿಸುತ್ತಾರೆ. ನಂಬಿಕೆ ಬಂದ ಮೇಲೆ ಲಕ್ಷಗಟ್ಟಲೆ ಹಣ ಪಡೆದು ಹಿತ್ತಾಳೆಯ ಚೀಲ ಕೊಟ್ಟು ಓಡುತ್ತಾರೆ. ದ್ರಾಕ್ಷಿ, ಮನೂಕು ಮಾರಿದ ಹಣ ಕೈಯಲ್ಲಿರುವ ಕಾಲದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು.

ಹೊಲದಲ್ಲಿ ನಿಧಿ ಇದೆ, ಪೂಜೆ ಮಾಡಿ ತೆಗೆಯಬೇಕು ಎನ್ನುವವರ ಮಾತಿಗೂ ಮರುಳಾಗಬಾರದು. ನಿಧಿಯ ಹೆಸರಿನಲ್ಲಿ ನಡೆಯುವ ಅಮಾನವೀಯ ವಾಮಾಚಾರವನ್ನು 2017ರ ರಾಜ್ಯ ಕಾಯಿದೆಯು ಅಪರಾಧವೆಂದು ಸಾರಿದೆ. ನಿಧಿಯಾಸೆಗೆ ಹಳೆಯ ಗುಡಿ, ಗೋರಿ, ವೀರಗಲ್ಲುಗಳ ಬುಡ ಅಗೆಯುವುದೂ ಶಿಕ್ಷೆಗೆ ಗುರಿಮಾಡುತ್ತದೆ. ಲೋಹಶೋಧಕ ಯಂತ್ರ ಹಿಡಿದು ಹೊಲದಲ್ಲಿ ತಿರುಗಾಡುವ ಅಪರಿಚಿತರು ಕಂಡರೆ ಪೊಲೀಸರಿಗೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ರೈತನು ಮೊದಲು ಮಾತನಾಡುವುದು ಹೆಚ್ಚಾಗಿ ಕೃಷಿ ಸಹಾಯಕರೊಡನೆ. ಅವರು ಹೆದರಿಸದೆ, ಅರ್ಜಿ ಬರೆಯಲು ನೆರವಾಗಬೇಕು. ವಸ್ತುವನ್ನು ತಮ್ಮ ಕೈಗೆ ತೆಗೆದುಕೊಳ್ಳಬಾರದು. ಕೃಷಿ ಹೊಂಡ, ಒಡ್ಡುಗಳ ಕೆಲಸಕ್ಕೆ ಮೊದಲು ಯಂತ್ರದವರಿಗೂ ಕೂಲಿಗಳಿಗೂ ಈ ಕ್ರಮಗಳನ್ನು ತಿಳಿಹೇಳುವುದು ಲೇಸು. ಒಪ್ಪಿಸಿದ ರೈತನು ತಿಂಗಳುಗಟ್ಟಲೆ ಕಚೇರಿ ಅಲೆದು ಬರಿಗೈಯಲ್ಲಿ ಬಂದರೆ ಮುಂದಿನ ರೈತನು ಒಪ್ಪಿಸುವುದಿಲ್ಲ. ರಸೀದಿ ಕೊಡುವುದು ಮತ್ತು ಪಾಲನ್ನು ವೇಳೆಗೆ ತೀರಿಸುವುದು ಕಂದಾಯ ಇಲಾಖೆಯ ಕರ್ತವ್ಯ. ಕಾನೂನಿನ ಮೇಲಿನ ನಂಬಿಕೆ ಬೆಳೆಯುವುದು ಅದರಿಂದಲೇ.

ವಿಜಯಪುರದ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಿಂದ ವಸ್ತುಸಂಗ್ರಹಾಲಯವಿದೆ. ಪಟ್ಟಣಕ್ಕೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕು. ಅಲ್ಲಿನ ಶಾಸನಗಳನ್ನೂ ಶಿಲ್ಪಗಳನ್ನೂ ಒಮ್ಮೆ ನೋಡಿದ ಕಣ್ಣು ತನ್ನ ಹೊಲದಲ್ಲಿ ಸಿಕ್ಕ ಕಲ್ಲನ್ನು ಬರೀ ಕಲ್ಲೆಂದು ಒಡೆಯುವುದಿಲ್ಲ.

ಬೆಳೆದ ಬೆಳೆಗೆ ತೂಕದ ಚೀಟಿ ಇಲ್ಲದೆ ರೈತನು ಅಡತಿ ಅಂಗಡಿಯಿಂದ ಹೊರಗೆ ಬರುವುದಿಲ್ಲ. ನೆಲದೊಳಗಿಂದ ಬಂದ ವಸ್ತುವಿಗೂ ಅದೇ ನಿಯಮ. ಮುಚ್ಚಿಡದೆ ತಿಳಿಸಬೇಕು, ಎಣಿಸಿ ಒಪ್ಪಿಸಬೇಕು, ರಸೀದಿ ಪಡೆದು ಪಾಲು ಕೇಳಬೇಕು. ಹೀಗೆ ನಡೆದರೆ ರೈತನ ಹಕ್ಕೂ ಉಳಿಯುತ್ತದೆ, ನಾಡಿನ ಚರಿತ್ರೆಯೂ ಉಳಿಯುತ್ತದೆ.